ಒಂದು ಸೌಟು ಹುಳಿ

ಮೂಲೆಯಲ್ಲಿ ಮೂರು ಕಲ್ಲಿನ ಮೇಲೆ ಕೂತ ಕರಿ ಗಡಿಗೆ, ಅದರ ಬಾಯಿಗೆ ಕಟ್ಟಿದ ಒದ್ದೆ ಬಟ್ಟೆ. ಆ ಅಡುಗೆಮನೆಗೆ ಮೊದಲ ದಿನ ಕಾಲಿಟ್ಟಾಗ ನನ್ನ ಕಣ್ಣಿಗೆ ಬಿದ್ದದ್ದು ಅದೇ, ಮೂಗಿಗೆ ಬಡಿದದ್ದೂ ಅದೇ.

ಆ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ಮೇಲ್ವಿಚಾರಕಿಯಾಗಿ ಹೋಗಿದ್ದೆ. ಇಪ್ಪತ್ತಾರು ವಯಸ್ಸು, ಆಹಾರಶಾಸ್ತ್ರದ ಸರ್ಟಿಫಿಕೇಟು, ಬೇಕಾದ್ದಕ್ಕಿಂತ ಎರಡು ಪಟ್ಟು ಧಿಮಾಕು. ಕೈಯಲ್ಲೊಂದು ನಿಯಮಗಳ ಪುಸ್ತಕ. ನಮ್ಮನ್ನು ಆಳಿ ಹೋದವರು ತಮ್ಮ ಸಿಪಾಯಿಗಳ ಅಡುಗೆಮನೆಗೆಂದು ಬರೆದಿಟ್ಟದ್ದನ್ನೇ ಯಾರೋ ಕನ್ನಡಕ್ಕೆ ತಿರುಗಿಸಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹುಳಿ ಬಂದದ್ದು ಕೊಳೆತದ್ದು, ಎಸೆಯಬೇಕು ಎಂದು ಅದರಲ್ಲಿತ್ತು. ಕೆಲಸಕ್ಕೆ ಸೇರಿದ ತಿಂಗಳೇ ಮಹಿಳಾ ಮಂಡಳದಲ್ಲಿ ಅದರ ಮೇಲೆ ಒಂದೂವರೆ ತಾಸು ಭಾಷಣ ಬಿಗಿದೆ. ಅಡುಗೆಯ ಫಕೀರವ್ವನ ಮಗಳು ಕಸ್ತೂರಿ ಮುಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡಿದ್ದಳು.

ಫಕೀರವ್ವ ಮಾತ್ರ ಬದಲಾಗಲಿಲ್ಲ. ಸಂಜೆ ಜೋಳದ ಹಿಟ್ಟಿನ ಗಂಜಿ ಕಾಯಿಸಿ, ಆರಿಸಿ, ಆ ಗಡಿಗೆಗೆ ಸುರಿಯುತ್ತಿದ್ದಳು. ಬೆಳಗ್ಗೆ ಅದು ಹುಳಿ ಅಂಬಲಿ. ಹುಡುಗಿಯರು ಮಜ್ಜಿಗೆ, ಉಳ್ಳಾಗಡ್ಡಿ ಹಾಕಿಕೊಂಡು ಕುಡಿದು ಶಾಲೆಗೆ ಓಡುತ್ತಿದ್ದರು. ನಾನು ದೂರದಿಂದ ತರಿಸಿದ ಹಾಲುಪುಡಿಯ ಡಬ್ಬಿಗಳು ಕಪಾಟಿನಲ್ಲಿ ಗಟ್ಟಿಯಾಗುತ್ತಿದ್ದವು. ಗಡಿಗೆಯನ್ನು ಅವಳು ಎಂದೂ ತೊಳೆಯುತ್ತಿರಲಿಲ್ಲ. ತಳದಲ್ಲಿ ಹೆಪ್ಪಿನಂತೆ ಒಂದು ಸೌಟು ಹುಳಿ, ಅಂದರೆ ಹಿಂದಿನ ದಿನದ ಅಂಬಲಿ, ಉಳಿಸಿ ಅದರ ಮೇಲೆಯೇ ಹೊಸ ಗಂಜಿ ಸುರಿಯುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸೋಮವಾರ ಅವಳು ಸಂತೆಗೆ ಹೋದಾಗ ನಾನೇ ಸೆರಗು ಸಿಕ್ಕಿಸಿಕೊಂಡು, ಬಿಸಿನೀರು, ಸೋಡಾ ಹಾಕಿ ಗಡಿಗೆಯನ್ನು ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಎಂಥ ಸಮಾಧಾನ ಆ ಹೊತ್ತು!

ಫಕೀರವ್ವ ಬಂದು ನೋಡಿದಳು. ಬೈಯಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತಳು.

"ನಮ್ಮವ್ವ ಕೊಟ್ಟ ಹುಳಿರಿ ಅಕ್ಕೋರ ಅದು. ಆಕಿಗಿ ಆಕಿ ಅವ್ವ ಕೊಟ್ಟಿದ್ಲು. ಶುಕ್ರವಾರ ಕಸ್ತೂರಿ ಗಂಡನ ಮನಿಗಿ ಹೊಂಟಾಳ. ಈಗ ಏನ್ ಕೊಟ್ಟು ಕಳಸ್ಲಿ?"

ಅವರ ಪದ್ಧತಿ ಆಗ ನನಗೆ ತಿಳಿಯಿತು. ಮಗಳನ್ನು ಮೊದಲ ಸಲ ಕಳಿಸುವಾಗ ತಾಯಿಯ ಗಡಿಗೆಯಿಂದ ಒಂದು ಸೌಟು ಹುಳಿಯನ್ನು ಕುಡಿಕೆಯಲ್ಲಿ ಹಾಕಿ ಕೊಡುತ್ತಾರೆ. ಸೀರೆ ಇಲ್ಲದಿದ್ದರೂ ನಡೆದೀತು, ಹುಳಿ ಇಲ್ಲದೆ ಹೋದವಳು ತವರಿಲ್ಲದವಳು.

ಅದೇ ತಾಯಿಯ ಹುಳಿ ಒಯ್ದವಳು, ಫಕೀರವ್ವನ ತಂಗಿ ಶಾವಂತ್ರೆವ್ವ, ಊರಲ್ಲೇ ಇದ್ದಳು. ನಾನೇ ತರುತ್ತೇನೆಂದು ಹೊರಟೆ. ಅವಳು ಖುಷಿಯಿಂದ ಒಳಗೆ ಕರೆದು, ಫಳಫಳ ಹೊಳೆಯುವ ಪಾತ್ರೆಗಳನ್ನು ತೋರಿಸಿದಳು. ಭಾಷಣ ಕೇಳಿ ಬಂದ ದಿನವೇ ಗಡಿಗೆಯನ್ನು ತಿಪ್ಪೆಗೆ ಎಸೆದಳಂತೆ. ಓಣಿಯಲ್ಲಿ ಎಲ್ಲರೂ ಎಸೆದರಂತೆ. ನಾನು ಬಹಳ ಚೆನ್ನಾಗಿ ಹೇಳಿದ್ದೆನಂತೆ. ಅವಳು ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಇನ್ನು ಉಳಿದವಳು ಊರಾಚೆಯ ಬಾಳವ್ವ, ಅವರಿಬ್ಬರ ದೊಡ್ಡವ್ವ, ತಾಯಿಯ ಒಡಹುಟ್ಟಿದ ಅಕ್ಕ. ಬಿಸಿಲಲ್ಲಿ ನಡೆದು ಹೋದೆ. ಮೂಲೆಯಲ್ಲಿ ಮೂರು ಕಲ್ಲು, ಕರಿ ಗಡಿಗೆ, ಒದ್ದೆ ಬಟ್ಟೆ. ನನಗೆ ಅಳುವೇ ಬಂತು. ನೀವು ಭಾಷಣಕ್ಕೆ ಬಂದಿರಲಿಲ್ಲವೇ ಎಂದೆ.

"ಬಂದಿದ್ದೆವ್ವಾ. ನೀ ಮಾತಾಡಾಕ ಹತ್ತಿದಿ, ನನಗ ಛಲೋ ನಿದ್ದಿ ಹತ್ತಿತು."

ಆ ನಿದ್ದೆಗೆ ನಾನು ಇಂದಿಗೂ ಋಣಿ.

ಆದರೆ ಹುಳಿಯನ್ನು ಹೊರಗಿನವರ ಕೈಗೆ ಹಾಕುವಂತಿಲ್ಲ, ಮನೆಯ ಮಗಳೇ ಒಯ್ಯಬೇಕು ಎಂದಳು ಮುದುಕಿ. ನಿನ್ನ ತವರು ಎಲ್ಲಿ ಎಂದು ಕೇಳಿದಳು. ಅವ್ವ ನಾನು ಚಿಕ್ಕವಳಿದ್ದಾಗಲೇ ಹೋದಳು, ಬೋರ್ಡಿಂಗಿನಲ್ಲಿ ಬೆಳೆದೆ ಎಂದೆ. ಬಾಳವ್ವ ನನ್ನ ಹಣೆಗೆ ಕುಂಕುಮ ಹಚ್ಚಿದಳು. ಒಂದು ಬಟ್ಟಲು ಅಂಬಲಿ ಕೊಟ್ಟು ಕುಡಿ ಎಂದಳು. ನಾನು ಕೊಳೆತದ್ದು ಎಂದು ಸಾರಿದ್ದ ಅಂಬಲಿ ತಣ್ಣಗೆ, ಹುಳಿಹುಳಿಯಾಗಿ ಒಳಗಿಳಿಯಿತು. ಇಷ್ಟು ರುಚಿಯಾದದ್ದನ್ನು ನಾನು ಆವರೆಗೆ ಕುಡಿದಿರಲಿಲ್ಲ. ಆಮೇಲೆ ಕುಡಿಕೆಯನ್ನು ನನ್ನ ಎರಡೂ ಕೈಗೆ ಕೊಟ್ಟಳು. ದಾರಿಯಲ್ಲಿ ಎಲ್ಲೂ ಕೆಳಗಿಡದೆ ತಂದೆ.

ಶುಕ್ರವಾರ ಬಸ್ಸಿನ ಬಳಿ ಫಕೀರವ್ವ ಮಗಳ ಮಡಿಲಿಗೆ ಆ ಹುಳಿಯ ಕುಡಿಕೆ ಇಟ್ಟಳು. ಕಸ್ತೂರಿಯ ಮುಖ ಸಣ್ಣದಾಯಿತು. ತಾಯಿಯನ್ನು ನೋಡದೆ, ನನ್ನನ್ನು ನೋಡಿದಳು.

"ಇದನ್ನ ತೊಳೀಬೇಕಲ್ರಿ ಅಕ್ಕೋರ? ನೀವಽ ಹೇಳಿದ್ರಿ."

ಓಣಿಯ ಹೆಂಗಸರೆಲ್ಲ ಅಲ್ಲಿದ್ದರು. ಶಾವಂತ್ರೆವ್ವನೂ ಇದ್ದಳು. ನನ್ನ ಕಿವಿ ಬಿಸಿಯಾಯಿತು.

"ತೊಳೀಬ್ಯಾಡವ್ವಾ," ಎಂದೆ, ಎಲ್ಲರಿಗೂ ಕೇಳುವಂತೆ. "ನಾನು ತಪ್ಪು ಹೇಳಿದ್ದೆ."

ಬಸ್ಸು ಹೊರಟಿತು. ಕಿಟಕಿಯಲ್ಲಿ ಕಸ್ತೂರಿ ತನ್ನ ಹೊಸ ಸೀರೆಯ ಸೆರಗನ್ನು ಎಳೆದು, ಧೂಳು ಬೀಳದಂತೆ ಕುಡಿಕೆಯ ಬಾಯಿ ಮುಚ್ಚಿದಳು.