ಪಂಚಾಳಿಗೆ ರೊಟ್ಟಿ ಬೇಡವಾದದ್ದು

ಪಂಚಾ ಜೋಳದ ರೊಟ್ಟಿಯನ್ನು ಮೂಸಿ ಮುಖ ತಿರುಗಿಸಿತು. ಯುಸ್ಮೇರಿಗೆ ಅಲ್ಲೇ ಅನುಮಾನ ಹತ್ತಿತು. ಇಲಿ ಕುಲದಲ್ಲೇ ಅತಿ ದೊಡ್ಡವಾದ, ಕೊಳಗಳ ಬಳಿ ಬಾಳುವ ಚಿಗುವಿರೆಗಳೆಂದರೆ ಮೊದಲೇ ಹೊಟ್ಟೆಬಾಕ ಜಾತಿ. ಅದರಲ್ಲೂ ಈ ಪಂಚಾ, ಬೇಟೆಗಾರರು ತಾಯಿಯನ್ನು ಕೊಂದಾಗ ಅಂಗೈಯಗಲದ ಮರಿ. ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದೇ ಹಂದಿಯಷ್ಟು ದಪ್ಪಗಾದದ್ದು. ಅದಕ್ಕೆ ಇವತ್ತು ರೊಟ್ಟಿಯೂ ಬೇಡ, ಕಲ್ಲಂಗಡಿ ಸಿಪ್ಪೆಯೂ ಬೇಡವೆಂದರೆ?

ತುಟಿ ಸರಿಸಿ ನೋಡಿದಳು. ಹಲ್ಲಿನ ಸಂದಿಯಲ್ಲಿ ಹಸಿರು ನಾರು, ಉಸಿರಿನಲ್ಲಿ ಕೆಸರಿನ ವಾಸನೆ. ಈ ಬಿರುಬೇಸಿಗೆಯಲ್ಲಿ ಕೊಳದ ಅಂಚು ಬಿಟ್ಟರೆ ಹಸಿಹುಲ್ಲು ಎಲ್ಲೂ ಇಲ್ಲ. ಪಂಚಾ ಬೇಲಿ ದಾಟಿದ ಪ್ರಾಣಿಯೂ ಅಲ್ಲ.

"ಅತ್ತೆ, ಇದಕ್ಕೆ ಯಾರಾದ್ರೂ ಏನಾದ್ರೂ ತಿನ್ನಿಸ್ತಿದಾರಾ?"

ಎಲೋಯ್ಸಾ ಹೊಗೆಸೊಪ್ಪು ಜಗಿಯುತ್ತ ತಲೆಯನ್ನೂ ಎತ್ತಲಿಲ್ಲ. "ನಂಗೇನು ಗೊತ್ತಮ್ಮ. ನಿನ್ನ ಮುದ್ದಿನ ಮಗಳಲ್ವಾ, ಅವಳನ್ನೇ ಕೇಳು."

ಆದರೆ ಹಿಂದೊಮ್ಮೆ ಮುದುಕಿಯೇ ಆಡಿದ ಮಾತು ಯುಸ್ಮೇರಿಗೆ ನೆನಪಿತ್ತು: ಮನೆಯಲ್ಲಿ ಸಾಕಿದ ಚಿಗುವಿರೆಯ ಮಾಂಸ ಸಪ್ಪೆ, ಕೊಯ್ಯುವ ಮುಂಚೆ ಕೊಳದ ಹುಲ್ಲು ಮೇಯಿಸಬೇಕು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮಾಂಸ ಮುಟ್ಟದ ಮನೆಗಳಲ್ಲೂ ಚಿಗುವಿರೆ ಬೇಯುತ್ತದೆ. ನೀರಲ್ಲಿರುವುದರಿಂದ ಚರ್ಚಿನವರಿಗೆ ಅದು ಮೀನಿನ ಲೆಕ್ಕ. ಗಂಡ ಅರ್ಸೆನಿಯೊ ಮೊನ್ನೆಯೇ ಮಾಂಸ ಒಣಗಿಸಲು ಬೇಕಾಗುವ ಉಪ್ಪಿನ ಮೂಟೆ ತಂದು ಹಾಕಿದ್ದ. ಆಮೇಲೆ ಅವಳ ಮುಖ ನೋಡಿ ಮಾತಾಡಿರಲಿಲ್ಲ. ತಾಯಿ ಮಗ ಸೇರಿ ತನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಮರುದಿನ ಮಧ್ಯಾಹ್ನ ತೂಗುಮಂಚದಲ್ಲಿ ನಿದ್ದೆಯ ಸೋಗು ಹಾಕಿ ಮಲಗಿದಳು. ಗೇಟು ಕಿರುಗುಟ್ಟಿತು. ಅತ್ತೆ ಪಂಚಾಳ ಕೊರಳಿಗೆ ಹಗ್ಗ ಹಾಕಿ ಕೊಳದ ದಾರಿ ಹಿಡಿದಿದ್ದಳು. ಪಂಚಾಳನ್ನು ಕರೆದು ತರಲು ಯುಸ್ಮೇರಿ ಉಡಿಯಲ್ಲಿ ಒಂದು ರೊಟ್ಟಿ ಇಟ್ಟುಕೊಂಡು ಹಿಂದೆಯೇ ಹೋದಳು.

ಕೊಳದಲ್ಲಿ ಕಾಡು ಚಿಗುವಿರೆಗಳ ಗುಂಪು ಎದೆಮಟ್ಟದ ನೀರಿನಲ್ಲಿ ನಿಂತು ಮೇಯುತ್ತಿತ್ತು. ಅಂಚಿನಲ್ಲಿ ಪಂಚಾ. ಎಲೋಯ್ಸಾ ಕೆಸರಲ್ಲಿ ಕುಕ್ಕರುಗಾಲಲ್ಲಿ ಕೂತು ಹುಲ್ಲು ಕಿತ್ತು ಅದರ ಮುಂದೆ ಆಡಿಸಿ, ಗುಂಪಿನ ಕಡೆಗೆ ಎಸೆಯುತ್ತಿದ್ದಳು. ಹಗ್ಗ ಬಿಚ್ಚಿ ಅವಳ ಹೆಗಲ ಮೇಲಿತ್ತು.

"ಕೊಬ್ಬಿತಾ ಅತ್ತೆ ಮಾಂಸ?"

"ಮೆಲ್ಲಗೆ ಮಾತಾಡೇ, ಗುಂಪು ಬೆದರುತ್ತೆ." ಮುದುಕಿ ತಿರುಗಲಿಲ್ಲ. "ಅರ್ಸೆನಿಯೊನ್ನ ಹೆತ್ತವಳು ನಾನು. ಉಪ್ಪು ತಂದ್ಮೇಲೆ ಯಾರ ಮಾತೂ ಕೇಳೋನಲ್ಲ. ಇದನ್ನ ಸುಮ್ನೆ ಓಡಿಸಿದ್ರೆ ಎಲ್ಲಿಗೆ ಹೋಗುತ್ತೆ? ಸಂಜೆ ರೊಟ್ಟಿ ವಾಸನೆ ಹಿಡ್ಕೊಂಡು ಒಲೆ ಹತ್ರಾನೇ ಬಂದು ಕೂರುತ್ತೆ. ಹುಲ್ಲಿನ ರುಚಿ ಹತ್ತಬೇಕು ಮೊದಲು. ಆಗ ಈ ಗುಂಪಿನ ಜೊತೆ ಉಳಿಯುತ್ತೆ."

"ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಟ್ಟುಕೊಡ್ತಿದ್ದೆಯಾ?"

ಅಷ್ಟರಲ್ಲಿ ಯುಸ್ಮೇರಿಯ ದನಿ ಕೇಳಿ ಪಂಚಾ ನೀರು ತೊಟ್ಟಿಕ್ಕಿಸುತ್ತ ಮೇಲೆ ಬಂತು. ಉಡಿಗೆ ಮೂತಿ ಒತ್ತಿ ಸಣ್ಣಗೆ ಕುಂಯ್‌ಗುಟ್ಟಿತು. ಗುಂಪು ಆಚೆ ದಡದತ್ತ ಸರಿಯತೊಡಗಿತ್ತು. ಅತ್ತೆ ಅವಳ ಕೈಯನ್ನೇ ನೋಡುತ್ತಿದ್ದಳು.

ಯುಸ್ಮೇರಿ ರೊಟ್ಟಿ ಹೊರತೆಗೆದಳು. ಪಂಚಾಳಿಗೆ ಬೆನ್ನು ಹಾಕಿ ನಿಂತು ತಾನೇ ಕಚ್ಚಿದಳು. ಒಣಗಿದ ರೊಟ್ಟಿಯನ್ನು ಬಿಡದೆ ಅಗಿದಳು. ಹಿಂದೆ ಪಂಚಾ ಹುಲ್ಲು ಕೀಳುವ ಸದ್ದು ಕೇಳಿಸುವವರೆಗೂ ತಿರುಗಿ ನೋಡಲಿಲ್ಲ.