ಬಟ್ಟೆ ಮುಚ್ಚಿದ ಬೋನು

ನಡೆದದ್ದನ್ನೇ ಹೇಳುತ್ತೇನೆ, ಬಾಲ ಸೇರಿಸಿದರೆ ಕಿವಿ ಹಿಂಡಿ. ಈ ಕತೆಯ ಮೈದುನನಿಗೆ ಡಿಗ್ರಿಗಿಂತ ಗಂಟಲೇ ದೊಡ್ಡ ಆಸ್ತಿ. ಪ್ರಿನ್ಸಿಪಾಲರ ಕೆಮ್ಮಿನಿಂದ ಕುಕ್ಕರಿನ ಸೀಟಿಯವರೆಗೆ ಏನನ್ನೂ ಅಣಕಿಸದೆ ಬಿಟ್ಟವನಲ್ಲ.

ಅತ್ತಿಗೆ ಹಿತ್ತಲಿನಲ್ಲಿ ಕೋಳಿ ಸಾಕಿದ್ದಳು. ಬೀಡಾಡಿ ಬೆಕ್ಕೊಂದು ಎರಡು ಮರಿಗಳನ್ನು ಹೊತ್ತೊಯ್ದಿತ್ತು. ಪಕ್ಕದ ಮನೆಯವರು ವಿಷ ಇಡಿ ಎಂದರು. "ಅದೂ ಹೊಟ್ಟೆಪಾಡಿಗೆ ಬರೋದು ತಾನೇ?" ಎಂದ ಅತ್ತಿಗೆ ಗೂಡಿಗೆ ಗಟ್ಟಿ ಜಾಲರಿ ಹಾಕಿಸಿ, ಪ್ರಾಣಿಗಳ ಆಸ್ಪತ್ರೆಯಿಂದ ಬೋನು ತಂದಳು. ಬೆಕ್ಕನ್ನು ಹಿಡಿದು, ಮರಿ ಹಾಕದಂತೆ ಆಪರೇಷನ್ ಮಾಡಿಸಿ, ಮತ್ತೆ ಇಲ್ಲೇ ಬಿಡುವುದು. ಡಾಕ್ಟರ್ ಒತ್ತಿ ಹೇಳಿದ್ದರು: ಬೆಕ್ಕು ಬೋನಿಗೆ ಬಿದ್ದ ಕೂಡಲೇ ಬಟ್ಟೆ ಮುಚ್ಚಿ, ಇಣುಕಬೇಡಿ, ಕತ್ತಲಲ್ಲಿ ಅದಕ್ಕೆ ಗಾಬರಿ ಕಡಿಮೆ.

ಮೈದುನನಿಗೆ ಅಷ್ಟು ಸಾಕಾಯಿತು. ಬೋನಿಟ್ಟ ನಾಲ್ಕನೆಯ ಬೆಳಗ್ಗೆ ಖಾಲಿ ಬೋನಿನಲ್ಲಿ ಟವೆಲ್ ಸುತ್ತಿದ ಇಟ್ಟಿಗೆ ಇಟ್ಟು, ಹೊದಿಕೆ ಮುಚ್ಚಿ, 'ಮಿಯಾಂವ್' ಎಂದ.

ಅತ್ತಿಗೆ ಓಡಿ ಬಂದಳು. "ಬಿತ್ತೇನೋ! ನೀನೇ ಮುಚ್ಚಿದ್ಯಾ? ಜಾಣ!"

ವಾರದಿಂದ ಕೂಡಿಹಾಕಿದ್ದ ಕೋಳಿಗಳನ್ನು ಹಿತ್ತಲಿಗೆ ಬಿಟ್ಟು, ಬೋನು ಎತ್ತಿಕೊಂಡು ಬಸ್ಸು ಹತ್ತಿದಳು. ತಮಾಷೆ ನೋಡಲು ಇವನೂ ಹತ್ತಿದ. ಪಕ್ಕದಲ್ಲಿ ಕೂತು, ತುಟಿ ಅಲುಗಿಸದೆ ಸಣ್ಣಗೆ ನರಳಿದ. ಅತ್ತಿಗೆ ಹೊದಿಕೆಯ ಮೇಲೆ ಅಂಗೈಯಿಟ್ಟು ಬಗ್ಗಿದಳು.

"ಹೆದರ್ಬೇಡ ತಾಯಿ, ನಾನಿರ್ತೀನಿ. ನಂಗೆ ಆಪರೇಷನ್ ಆದಾಗ ಬಾಗಿಲ ಹತ್ರ ಯಾರೂ ಇರ್ಲಿಲ್ಲ. ಎಷ್ಟು ಭಯ ಆಯ್ತು ಗೊತ್ತಾ?"

ಆ ದಿನ ಅಣ್ಣ ಊರಲ್ಲಿರಲಿಲ್ಲ. 'ನಾನು ಬರ್ತೀನಿ ಅತ್ತಿಗೆ' ಎಂದಿದ್ದವನು ಇವನೇ. ಹೋಗದೆ, ಕಾಲೇಜಿನ ವೇದಿಕೆಯಲ್ಲಿ ಕಪ್ಪೆಯಂತೆ ವಟಗುಟ್ಟಿ ಚಪ್ಪಾಳೆ ಗಿಟ್ಟಿಸಿದ್ದ. ಇವತ್ತಿನವರೆಗೆ ಅವಳು ಆ ಮಾತು ಎತ್ತಿರಲಿಲ್ಲ. ಮುಖ ಎಲ್ಲಿಡುವುದೋ ತಿಳಿಯದೆ ಇವನು ಚಪ್ಪಲಿ ನೋಡಿದ. ಹೊರಗೆ ಬಿಟ್ಟ ಕೋಳಿಗಳ ನೆನಪಾಯಿತು. ಆದರೂ ಬಾಯಿ ಬಿಡಲು ಎರಡು ಸ್ಟಾಪ್ ದಾಟಬೇಕಾಯಿತು.

"ಅತ್ತಿಗೆ... ಒಳಗಿರೋದು ಇಟ್ಟಿಗೆ. ಕೂಗಿದ್ದು ನಾನು. ಬೆಕ್ಕು ಇನ್ನೂ ಅಲ್ಲೇ ಇದೆ."

ಅವಳು ಮೊದಲು ಗಂಡನಿಗೆ ಫೋನ್ ಮಾಡಿದಳು. "ರೀ, ಕೋಳಿ ಒಳಗೆ ಹಾಕಿ, ಬೇಗ... ಎಲ್ಲಾ ಇವೆಯಾ? ಮರಿಗಳೂ? ಸರಿ."

ಆಮೇಲೆ ಹೊದಿಕೆಯ ತುದಿ ಎತ್ತಿ ನೋಡಿದಳು. ನಗು ಒತ್ತರಿಸಿ ಬಂತು. "ಇಟ್ಟಿಗೆಗೆ ಸಮಾಧಾನ ಹೇಳ್ದೆನಲ್ಲೋ, ಕೋತಿ!" ಕಂಡಕ್ಟರ್ ನಕ್ಕ, ಹಿಂದಿನ ಸೀಟಿನವರೂ ನಕ್ಕರು.

"ಅವತ್ತು ನಾನು ಬರ್ಬೇಕಿತ್ತು ಅತ್ತಿಗೆ," ಎಂದ ಇವನು. ಅವಳಿಗೆ ಕೇಳಿಸಲಿಲ್ಲ. ಬೋನಿನ ಮೇಲೆ ಬಿದ್ದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಇಡೀ ಬಸ್ಸಿಗಿಂತ ಜೋರಾಗಿ ನಗುತ್ತಿದ್ದಳು.