ಸೊಂಟವಿರುವ ಡಬ್ಬಿಗಳು

ರಟ್ಟಿನ ಪೆಟ್ಟಿಗೆ ಒಡೆದು ಮೊದಲ ಡಬ್ಬಿಯನ್ನು ಕೈಗೆತ್ತಿಕೊಂಡಾಗ ದೊಡ್ಡಕ್ಕನಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಮರ್ಯಾದೆಯನ್ನು ಅವಳು ಅದಕ್ಕೆ ಕೊಡಲು ತಯಾರಿರಲಿಲ್ಲ. ತಿರುಗಿಸಿ ನೋಡಿದಳು, ಮಗುಚಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಉದ್ದಕ್ಕೆ, ದುಂಡಗೆ, ಗಾಜಿನ ಹಾಗೆ ಪಾರದರ್ಶಕವಾಗಿ ಇತ್ತು. ಮೇಲೆ ಬಿಗಿಯಾದ ಮುಚ್ಚಳ, ನಡುವಿನಲ್ಲಿ ಒಂದು ಸೊಂಟ. ಊಟ ತುಂಬಿಡುವ ಡಬ್ಬಿಗೆ ಸೊಂಟ ಯಾಕೆ ಎಂದು ಕೇಳುವ ಹಾಗಿರಲಿಲ್ಲ. ಕೇಳಿದರೆ ಹೊಸ ಉಸ್ತುವಾರಿ ಸಾಲು ಸಾಹೇಬರು ಉತ್ತರ ಕೊಟ್ಟುಬಿಡುತ್ತಾರೆ, ಆ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಬೇಕಾಗುತ್ತದೆ.

"ಅತ್ತಿಗೆ, ಎಷ್ಟ್ ಚೆನ್ನಾಗಿದೆ ಅಲ್ವಾ?" ಎಂದಳು ಪಾತ್ರೆ ತೊಳೆಯುವ ನಾದಿನಿ.

"ಚೆನ್ನಾಗಿದೆ. ಹೂವಿಡು. ಸೌಟೇ ಹೋಗಲ್ಲ ಇದರ ಬಾಯೊಳಗೆ."

ಅದು ಹೊಲಿಗೆ ಕಾರ್ಖಾನೆಯ ಕ್ಯಾಂಟೀನು, ಅಡುಗೆಮನೆ ದೊಡ್ಡಕ್ಕನದು. ಮಧ್ಯಾಹ್ನ ಮುನ್ನೂರು ಜನ ಉಣ್ಣುತ್ತಿದ್ದರು. ಉಳಿದ ಅನ್ನ, ಬೇಳೆ, ತರಕಾರಿಯಲ್ಲಿ ಒಂದಿಷ್ಟು ಮರುದಿನ ಬೆಳಗಿನ ಪಾಳಿಯವರಿಗೆ ಹೋಗುತ್ತಿತ್ತು. ಮಿಕ್ಕದ್ದು ಸಂಜೆ ಅಡುಗೆಮನೆಯ ಹೆಂಗಸರ ಮನೆಗೆ. ನಾದಿನಿಯ ಮನೆಯಲ್ಲಂತೂ ರಾತ್ರಿಯ ಊಟವೆಂದರೆ ಅದೇ. ಅವಳ ಗಂಡ ಗೋಡೆಗೆ ಬಣ್ಣ ಬಳಿಯುವವನು, ಅಂದರೆ ದೊಡ್ಡಕ್ಕನ ಗಂಡನಿಗೆ ಸ್ವಂತ ಭಾವಮೈದ, ಏಣಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ನಾಲ್ಕು ತಿಂಗಳಿಂದ ಮಂಚಕ್ಕೆ ಅಂಟಿದ್ದ. ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಈಗ ಎತ್ತರ ಬೆಳೆಯುವ ವಯಸ್ಸು, ಎಷ್ಟು ಹಾಕಿದರೂ ತಟ್ಟೆ ಖಾಲಿ.

ಉಳಿದದ್ದನ್ನು ಇಡಲು ದೊಡ್ಡಕ್ಕನ ಹತ್ತಿರ ಹದಿನಾಲ್ಕು ತಟ್ಟೆಗಳಿದ್ದವು. ಯಾವುದೋ ಬೇಕರಿ ಮುಚ್ಚಿದಾಗ ಅವಳೇ ಹೋಗಿ ಹೊತ್ತು ತಂದವು. ನಾಲ್ಕು ಮೂಲೆ, ಗಿಡ್ಡ ಅಂಚು. ಅಲ್ಲಲ್ಲಿ ತಗ್ಗು ಬಿದ್ದಿದ್ದವು. ಬಿಸಿ ಅನ್ನವನ್ನು ತೆಳ್ಳಗೆ ಹರಡಿ, ಕೆಳಗೆ ಒದ್ದೆ ಗೋಣಿತಟ್ಟು ಹಾಸಿ, ಮೇಲೆ ಫ್ಯಾನು ತಿರುಗಿಸಿ, ಆರಿದ ಮೇಲೆ ಫ್ರಿಜ್ಜಿಗೆ ಇಡುತ್ತಿದ್ದಳು. ಆರಿದೆಯೋ ಇಲ್ಲವೋ ಎಂದು ನೋಡಲು ತಟ್ಟೆಯ ತಳಕ್ಕೆ ಅಂಗೈ ಕೊಡುತ್ತಿದ್ದಳು. "ಮೇಲೆ ಮುಟ್ಟಿ ನೋಡೋದು ದಡ್ಡರು. ಅನ್ನದ ಹೊಟ್ಟೆ ಮುಟ್ಟಿ ನೋಡಬೇಕು" ಎನ್ನುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಹಳಸಿದ್ದಿಲ್ಲ.

ಹಳಸಿದ್ದು ಸಾಲು ಸಾಹೇಬರು ಬಂದ ಮೇಲೆ. ಕ್ಯಾಂಟೀನಿನ ಉಸ್ತುವಾರಿಗೆಂದು ಅವರನ್ನು ಹಾಕಿದ್ದರು. ಮೂರು ದಿನದ ತರಬೇತಿ ಮುಗಿಸಿ ಬಂದವರು, ಬಂದ ದಿನವೇ ಲೋಟಗಳನ್ನು ಸಾಲಾಗಿ ಇಡಿಸಿದರು, ಪೊರಕೆಗಳನ್ನು ಸಾಲಾಗಿ ನಿಲ್ಲಿಸಿದರು, ಈರುಳ್ಳಿ ಮೂಟೆಗಳನ್ನೂ ಎತ್ತರದ ಪ್ರಕಾರ. ಆ ಹೆಸರು ಸಂಜೆಯೊಳಗೇ ಬಿತ್ತು. ಎರಡನೇ ವಾರ ಒಂದು ಮಧ್ಯಾಹ್ನ ದೊಡ್ಡಕ್ಕ ತರಕಾರಿ ಇಳಿಸಿಕೊಳ್ಳಲು ಹೊರಗೆ ಹೋದಾಗ, ಗೋಣಿತಟ್ಟಿನ ಮೇಲೆ ಅಡ್ಡಾದಿಡ್ಡಿ ಇದ್ದ ತಟ್ಟೆಗಳು ಅವರ ಕಣ್ಣಿಗೆ ಚುಚ್ಚಿದವು. ಇನ್ನೂ ಹಬೆಯಾಡುವ ಬೇಳೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಬಟ್ಟೆ ಬಿಗಿದು, ಫ್ರಿಜ್ಜಿನೊಳಗೆ ಗೋಪುರ ಕಟ್ಟಿದರು. ಮರುದಿನ ಬೆಳಿಗ್ಗೆ ನಡುವಿನ ತಟ್ಟೆಯ ಬೇಳೆ ಗುಳ್ಳೆ ಎದ್ದು ನಾರುತ್ತಿತ್ತು. ಅದು ಗೊತ್ತಾಗುವ ಮೊದಲೇ ಮೇಲಿನ ತಟ್ಟೆಯದನ್ನು ಉಂಡಿದ್ದ ಆರು ಜನ ಹೊಲಿಗೆಯವರು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋದರು.

ವರದಿ ಬರೆದವರು ಸಾಲು ಸಾಹೇಬರು. ಅದರಲ್ಲಿ ತಪ್ಪು ತಟ್ಟೆಯದು.

ಮುಖ್ಯ ಕಚೇರಿಯಿಂದ ಬಂದ ಕಾಗದವನ್ನು ಅವರು ಒಲೆಯ ಪಕ್ಕ ನಿಂತು ಗಟ್ಟಿಯಾಗಿ ಓದಿದ್ದರು. ಇನ್ನೊಮ್ಮೆ ಹಳಸಿದ್ದು ಕಂಡರೆ ಉಳಿದದ್ದನ್ನು ಇಡುವುದೇ ಬೇಡ, ಅಂದಂದೇ ಎಲ್ಲಾ ಕಸದ ಡ್ರಮ್ಮಿಗೆ. ಮನೆಗೆ ಒಯ್ಯುವುದೂ ಬಂದ್. ಶುಕ್ರವಾರ ಅಲ್ಲಿನ ದೊಡ್ಡ ಮೇಡಂ ಖುದ್ದು ಬಂದು ಫ್ರಿಜ್ಜು ತೆರೆಸಿ ನೋಡುತ್ತಾರೆ. ನಾದಿನಿ ಕೈಯಲ್ಲಿದ್ದ ಬಾಣಲೆಯನ್ನು ಉಜ್ಜುವುದು ನಿಲ್ಲಿಸಿ, ಮತ್ತೆ ಉಜ್ಜತೊಡಗಿದ್ದಳು. ಅದು ಆಗಲೇ ಶುಭ್ರವಾಗಿತ್ತು.

ಆ ಕಾಗದದ ಬೆನ್ನಿಗೇ ಬಂದವು ಸಾಹೇಬರು ತರಿಸಿದ ಈ ನಲವತ್ತೆಂಟು ಡಬ್ಬಿಗಳು.

ಗುರುವಾರ ಊಟ ಮುಗಿಯುತ್ತಿದ್ದ ಹಾಗೆ ಸಾಹೇಬರು ಅಂಗಿಯ ತೋಳು ಮಡಚಿ ಒಳಗೆ ಬಂದರು.

"ದೊಡ್ಡಕ್ಕ, ಇವತ್ತು ನಾನೇ ತೋರಿಸ್ತೀನಿ. ಹಬೆ ಇರೋವಾಗ್ಲೇ ತುಂಬಬೇಕು. ತಕ್ಷಣ ಮುಚ್ಚಳ. ಗಾಳಿ ಸೋಕಬಾರದು."

"ಹೊಟ್ಟೆ ಆರಲ್ವಲ್ಲ ಸಾರ್. ಇಷ್ಟುದ್ದ ಇದೆ, ಬಿಸಿ ಎಲ್ಲಿಂದ ಹೊರಗೆ ಬರಬೇಕು? ಸೊಂಟದಿಂದಲಾ?"

"ಅದಕ್ಕೇ ಫ್ರಿಜ್ ಇರೋದು."

"ಫ್ರಿಜ್ಜು ಹೊರಗಡೆ ತಣ್ಣಗೆ ಮಾಡುತ್ತೆ. ಒಳಗೆ ಬೆಳಗಿನ ತನಕ ಬೆಚ್ಚಗೆ ಮಲಗಿರುತ್ತೆ ಬೇಳೆ. ಅಷ್ಟು ಸುಖ ಕೊಟ್ರೆ ಅದು ಮರಿ ಹಾಕದೆ ಇರುತ್ತಾ?"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಸಾಹೇಬರು ನಗಲಿಲ್ಲ. "ನೀವು ಅಡುಗೆ ನೋಡ್ಕೊಳ್ಳಿ. ವಿಜ್ಞಾನ ನಾನು ನೋಡ್ಕೋತೀನಿ" ಎಂದರು.

ವಿಜ್ಞಾನ ನೋಡಿಕೊಳ್ಳಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಸೌಟು ಹೋಗದ ಬಾಯಿಗೆ ಚಮಚದಲ್ಲಿ ತುಂಬಬೇಕಾಯಿತು. ಫ್ರಿಜ್ಜಿನಲ್ಲಿ ಡಬ್ಬಿ ಡಬ್ಬಿಯ ನಡುವೆ ಇಲಿ ಓಡಾಡುವಷ್ಟು ಜಾಗ ವ್ಯರ್ಥವಾಯಿತು. ದುಂಡಗಿನವು ಎಷ್ಟು ಒತ್ತಿ ನಿಲ್ಲಿಸಿದರೂ ಮೂಲೆ ತುಂಬುವುದಿಲ್ಲವಲ್ಲ. ನಾಲ್ಕು ಡಬ್ಬಿ ಹೊರಗೇ ಉಳಿದವು. ಅವನ್ನು ಕಂಡರೂ ಕಾಣದವರಂತೆ ಸಾಹೇಬರು ಫ್ರಿಜ್ಜಿನ ಮುಂದೆ ನಿಂತು, ತಲೆ ಒಂದು ಕಡೆ ವಾಲಿಸಿ, ಹುಡುಗಿ ನೋಡಲು ಬಂದವರ ಹಾಗೆ ನೋಡಿದರು. "ನಾಲ್ಕು ಗಂಟೆಗೆ ಬಂದು ಫೋಟೋ ತಗೋತೀನಿ. ಯಾರೂ ಅಲುಗಾಡಿಸಬೇಡಿ" ಎಂದು ಹೋದರು.

ದೊಡ್ಡಕ್ಕ ಫ್ರಿಜ್ಜು ತೆರೆದು ಒಂದು ಡಬ್ಬಿಯ ತಳಕ್ಕೆ ಅಂಗೈ ಕೊಟ್ಟಳು. ಸುಡುತ್ತಿತ್ತು. ಬಾಗಿಲು ಮುಚ್ಚಿ ಸ್ಟೂಲಿನ ಮೇಲೆ ಕೂತಳು.

ಸುಮ್ಮನಿದ್ದರೆ ಸಾಕಿತ್ತು. ನಾಳೆ ಬೆಳಿಗ್ಗೆ ಮೇಡಂ ಬಂದು ಆ ಚಂದದ ಮುಚ್ಚಳ ತಿರುಗಿಸುತ್ತಾರೆ, ಮೂಗಿಗೆ ಬಡಿಯುತ್ತದೆ, ಸಾಲು ಸಾಹೇಬರ ಸಾಲು ಅಲ್ಲಿಗೆ ಮುಗಿಯಿತು. ಆ ಮುಖ ಹೇಗಾಗಬಹುದು ಎಂದು ನೆನೆದರೇ ಅವಳಿಗೆ ತಂಪು ಕುಡಿದಂತಾಯಿತು. ಇಂಥ ಮನುಷ್ಯನನ್ನು ಕೆಡವಲು ಒಂದು ಬೆರಳೂ ಎತ್ತಬೇಕಿಲ್ಲ, ಅವನ ಕೆಲಸವನ್ನು ಅವನಿಗೇ ಬಿಟ್ಟುಬಿಟ್ಟರಾಯಿತು.

"ಅತ್ತಿಗೆ," ಎಂದಳು ನಾದಿನಿ, ಕೈಯ ಸೋಪು ಒರೆಸಿಕೊಳ್ಳುತ್ತಾ. "ಹಳಸುತ್ತಾ ಅದು?"

"ಹಳಸದೆ ಏನು ಮಾಡುತ್ತೆ."

"ಹಾಗಾದ್ರೆ ನಾಳೆಯಿಂದ…" ಅವಳು ಮೊಳೆಗೆ ತೂಗುಹಾಕಿದ್ದ ತನ್ನ ಖಾಲಿ ಚೀಲದ ಕಡೆ ನೋಡಿದಳು. "ಚಿಕ್ಕವಳು ಶಾಲೆಯಿಂದ ಬಂದವಳೇ ಮೊದಲು ಚೀಲ ನೋಡ್ತಾಳೆ. ನನ್ನ ಮುಖ ಆಮೇಲೆ" ಎಂದಳು, ನಗೆಯಾಡುವವಳಂತೆ.

ದೊಡ್ಡಕ್ಕ ಸಾಲು ಸಾಹೇಬರನ್ನು ಮನಸ್ಸಿನಲ್ಲೇ ಒಂದು ಸಲ ಬೈದಳು, ನಾದಿನಿಯನ್ನು ಒಂದು ಸಲ, ತನ್ನನ್ನು ಎರಡು ಸಲ. ಎದ್ದಳು.

"ತಟ್ಟೆ ತೆಗಿ. ಹದಿನಾಲ್ಕೂ ತೆಗಿ. ಬಾಗಿಲ ಹತ್ತಿರ ಯಾರಾದ್ರೂ ನಿಂತ್ಕೊಳ್ರೇ. ಆ ಮನುಷ್ಯನ ಬೂಟಿನ ಸದ್ದು ಕೇಳಿದ್ರೆ ಕೆಮ್ಮಿ."

ನಲವತ್ತೆಂಟು ಡಬ್ಬಿಗಳಿಂದ ಬಿಸಿ ಅನ್ನ ಹೊರಗೆ ತೆಗೆಯುವುದು ಹೆರಿಗೆ ಮಾಡಿಸಿದಷ್ಟೇ ಕಷ್ಟವಾಯಿತು. ಸೊಂಟದ ಕೆಳಗೆ ಸಿಕ್ಕಿಕೊಂಡ ಆಲೂಗಡ್ಡೆಗಳು ಹೊರಗೆ ಬರುವುದಿಲ್ಲವೆಂದು ಹಟ ಹಿಡಿದವು. ಸೌಟಿನ ಹಿಡಿಯಿಂದ ತಿವಿದು, ತಳಕ್ಕೆ ಗುದ್ದಿ, ಬಾಯಿಗೆ ಬಂದದ್ದು ಬೈದು ಹೊರಗೆ ತೆಗೆದರು. ತಟ್ಟೆಗೆ ಹರಡಿದರು, ಒದ್ದೆ ಗೋಣಿ, ಫ್ಯಾನು. ಆರಿದ ತಟ್ಟೆಗಳನ್ನು ನಡುವೆ ಚಮಚ ಕೊಟ್ಟು ಫ್ರಿಜ್ಜಿನಲ್ಲಿಟ್ಟರು. ಅಷ್ಟೂ ಹಿಡಿದವು, ಇನ್ನೂ ಒಂದು ತಟ್ಟೆಗೆ ಜಾಗ ಮಿಕ್ಕಿತು. ನಾಲ್ಕಕ್ಕೆ ಅರ್ಧ ಗಂಟೆಯಿರುವಾಗ ಮತ್ತೆ ಡಬ್ಬಿಗೆ ತುಂಬುವ ಕೆಲಸ. ತಣ್ಣಗಾಗಿ ಗಟ್ಟಿ ಹಲಗೆಯಂತೆ ಕೂತಿದ್ದ ಬೇಳೆಯನ್ನು ನಾದಿನಿ ಚಾಕುವಿನಲ್ಲಿ ಬಟ್ಟೆಸೋಪಿನ ತುಂಡುಗಳಂತೆ ಕೊಯ್ದು ಕೊಯ್ದು ಒಳಗೆ ತುರುಕಿದಳು. ಸಾಹೇಬರು ಬಂದರು, ಫೋಟೋ ತೆಗೆದರು, "ನೋಡಿದ್ರಾ?" ಎಂದರು.

"ನೋಡಿದ್ವಿ ಸಾರ್" ಎಂದಳು ದೊಡ್ಡಕ್ಕ. ಭುಜ ಕಿತ್ತು ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಬಂದ ದೊಡ್ಡ ಮೇಡಂ ಹೆಸರಿಗೆ ದೊಡ್ಡವರು, ಆಳು ಗಿಡ್ಡ. ಮಾತು ಕಡಿಮೆ. ಕೈ ತೊಳೆದು ಬಂದು, ಫ್ರಿಜ್ಜಿನ ಎರಡನೇ ಸಾಲಿನ ಹಿಂದಿನ ಡಬ್ಬಿಯನ್ನೇ ತೆಗೆದರು. ಸಾಹೇಬರು ಪಕ್ಕದಲ್ಲಿ ನಿಂತು ಹಬೆ ಇರುವಾಗಲೇ ತುಂಬಿದ್ದು, ಗಾಳಿ, ಮುಚ್ಚಳ, ಆಧುನಿಕತೆ ಎಂದು ಏನೇನೋ ಹೇಳುತ್ತಿದ್ದರು. ಮೇಡಂ ಮೂಸಿದರು. ಚಮಚದಲ್ಲಿ ಒಂದಿಷ್ಟು ಕೆರೆದು ನಾಲಿಗೆಗೆ ಇಟ್ಟರು.

"ಚೆನ್ನಾಗಿದೆ. ಹುಳಿ ಇಲ್ಲ."

ನಾದಿನಿ ಉಸಿರು ಬಿಟ್ಟದ್ದು ದೊಡ್ಡಕ್ಕನ ಕುತ್ತಿಗೆಗೆ ತಾಗಿತು.

ಆದರೆ ಮೇಡಂ ಡಬ್ಬಿ ಕೆಳಗಿಡಲಿಲ್ಲ. ಕಿಟಕಿಯ ಕಡೆ ಹಿಡಿದು ತಿರುಗಿಸತೊಡಗಿದರು.

"ಇದೇನ್ರೀ ಇದು? ಬಿಸಿ ಇರೋವಾಗ್ಲೇ ಸುರಿದಿದ್ದು ಅಂದ್ರಿ. ದುಂಡು ಡಬ್ಬಿಯೊಳಗೆ ಬೇಳೆಗೆ ಮೂಲೆ ಹೇಗೆ ಬಂತು?"

ಎಲ್ಲರೂ ನೋಡಿದರು. ನಿಜ. ಪಾರದರ್ಶಕ ಡಬ್ಬಿಯೊಳಗೆ ಚೌಕ ಚೌಕ ಬೇಳೆ, ಅಳತೆ ಹಿಡಿದು ಕೊಯ್ದಂತೆ, ಒಂದರ ಮೇಲೊಂದು ಕೂತಿತ್ತು. ಸಾಹೇಬರ ಬಾಯಿ ತೆರೆದುಕೊಂಡಿತು. ನಿನ್ನೆ ಫೋಟೋ ತೆಗೆಯುವಾಗ ಅವರು ಸಾಲು ನೋಡಿದ್ದರು, ಬೇಳೆ ನೋಡಿರಲಿಲ್ಲ.

ದೊಡ್ಡಕ್ಕ ನಿಜ ಹೇಳಬಹುದಾಗಿತ್ತು. ನಾಲಿಗೆಯ ತುದಿಯಲ್ಲಿತ್ತು. ಆದರೆ ಉಸ್ತುವಾರಿಯವರ ಬೆನ್ನ ಹಿಂದೆ ಅಡುಗೆಯವರು ತಮಗೆ ತೋಚಿದ ಹಾಗೆ ಮಾಡುತ್ತಾರೆಂದು ಗೊತ್ತಾದರೆ ಮೇಡಂ ಏನು ಮಾಡುತ್ತಾರೋ? ಉಳಿದದ್ದರ ಸಹವಾಸವೇ ಬೇಡ ಎಂದುಬಿಟ್ಟರೆ? ದೊಡ್ಡಕ್ಕ ಸಾಹೇಬರ ಆ ಸೆಟೆದ ಕಾಲರನ್ನು, ತೆರೆದ ಬಾಯನ್ನು ನೋಡಿ, ಜಾರಿಬಿದ್ದ ಕರುವನ್ನು ಎತ್ತುವವಳ ದನಿಯಲ್ಲಿ ಹೇಳಿದಳು:

"ಸಾಹೇಬರು ಹೇಳಿಕೊಟ್ಟ ಹಾಗೇ ಮಾಡಿದ್ವಿ ಮೇಡಂ. ಮೊದಲು ಅಗಲ ತಟ್ಟೇಲಿ ಹರಡಿ ಆರಿಸೋದು. ಆಮೇಲೆ ಡಬ್ಬಿ. ಅಲ್ವಾ ಸಾರ್?"

ಸಾಹೇಬರು ಅವಳನ್ನು ನೋಡಿದರು. ಅರ್ಥವಾಗಲು ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಪಕ್ಕದ ಒಲೆಯ ಹಾಲು ಉಕ್ಕಿ ಒಬ್ಬಳು ಓಡಿದಳು.

"ಹೌದು ಮೇಡಂ," ಎಂದರು ಕೊನೆಗೆ, ಕಾಲರು ಸರಿಮಾಡಿಕೊಂಡು. "ಅದು ನಮ್ಮ ಎರಡು ಹಂತದ ಪದ್ಧತಿ."

ಎಷ್ಟು ಸಲೀಸಾಗಿ ಬಂತು! ದೊಡ್ಡಕ್ಕನಿಗೆ ಅವರ ಮೇಲೆ ಇದ್ದಬದ್ದ ಕನಿಕರವೂ ಅಲ್ಲೇ ಆರಿಹೋಯಿತು. ಕನಿಷ್ಠ ಒಂದು ಸಲ ತಡವರಿಸುತ್ತಾರೆ ಅಂದುಕೊಂಡಿದ್ದಳು.

"ಒಳ್ಳೇದು. ಬರೆದು ಗೋಡೆಗೆ ಹಚ್ಚಿ. ಬೇರೆ ಕ್ಯಾಂಟೀನಿಗೂ ಕಳಿಸಿ," ಎಂದರು ಮೇಡಂ. "ಇಡೋದು ನಿಲ್ಲಿಸಬೇಕಾಗಿಲ್ಲ. ಮನೆಗೆ ಒಯ್ಯೋದೂ ಇರಲಿ." ಹೋಗುವಾಗ ತಟ್ಟೆಗಳ ಕಡೆ ಒಮ್ಮೆ, ದೊಡ್ಡಕ್ಕನ ಕಡೆ ಒಮ್ಮೆ ನೋಡಿದರು.

ಮಧ್ಯಾಹ್ನ ಮೂರರ ಹೊತ್ತಿಗೆ ಗೋಡೆಯ ಮೇಲೆ ಕಾಗದ ಬಂತು. ಕೆಳಗೆ ಸಾಹೇಬರ ಸಹಿ. ಅದನ್ನು ಅಂಟಿಸಿ, ಹಿಂದೆ ಸರಿದು, ವಾಲಿಲ್ಲವಷ್ಟೇ ಎಂದು ನೋಡಿಕೊಂಡು, ಅವರು ತಿರುಗಿದರು. ಆರಿದ ಬೇಳೆಯ ತಟ್ಟೆಗಳು ಸಿದ್ಧವಾಗಿದ್ದವು. ನಾದಿನಿ ಚಾಕು ತೆಗೆದುಕೊಳ್ಳಲು ಹೋದಳು. ದೊಡ್ಡಕ್ಕ ಅವಳ ಮೊಣಕೈ ಹಿಡಿದು ನಿಲ್ಲಿಸಿದಳು.

"ಸಾರ್, ನಮ್ಮ ಹಂತ ಮುಗೀತು."

"ಅಂದ್ರೆ?"

"ಒಂದನೇ ಹಂತ ಅಡುಗೆಯವರದು. ಎರಡನೇದು ವಿಜ್ಞಾನ. ಅದು ನೀವು ನೋಡ್ಕೋತೀನಿ ಅಂದಿದ್ರಲ್ಲ." ಅವಳು ಒಂದು ಡಬ್ಬಿಯನ್ನು ಅವರ ಮುಂದೆ ಸರಿಸಿದಳು. "ನಮ್ಮದು ಕೂಲಿಯವರ ಕೈ, ದಪ್ಪ. ಒಳಗೆ ಹೋಗಲ್ಲ. ನಿಮ್ಮದು ತೆಳ್ಳಗಿದೆ ನೋಡಿ, ಪೆನ್ನು ಹಿಡಿದ ಕೈ."

ಸಾಹೇಬರು ಹೆಂಗಸರ ಮುಖಗಳನ್ನು ನೋಡಿದರು. ಐದು ಜೊತೆ ಕೈಗಳು ಎದೆಯ ಮೇಲೆ ಕಟ್ಟಿದ್ದವು. ಗೋಡೆಯ ಕಾಗದವನ್ನೂ ನೋಡಿದರು; ಅದರಲ್ಲಿ ಸಹಿ ಅವರದೇ. ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಚಾಕು ಎತ್ತಿಕೊಂಡರು.

"ಸೋಪಿನ ತುಂಡಿನ ಹಾಗೆ ಕೊಯ್ಬೇಕು ಸಾರ್," ಎಂದಳು ನಾದಿನಿ ಮೆಲ್ಲಗೆ, ಪಾಪ ಎನಿಸಿ.

"ನೀನು ಸುಮ್ನಿರೇ. ನಿನ್ನ ಪಾಲು ಚೀಲಕ್ಕೆ ಹಾಕ್ಕೊಂಡು ಹೊರಡು, ಮಕ್ಕಳು ಬರೋ ಹೊತ್ತಾಯ್ತು," ಎಂದು ದೊಡ್ಡಕ್ಕ ಸ್ಟೂಲು ಎಳೆದುಕೊಂಡು ಕೂತಳು. ಎರಡನೇ ಡಬ್ಬಿಯಲ್ಲೇ ಸಾಹೇಬರ ಬೇಳೆ ಸೊಂಟದಲ್ಲಿ ಸಿಕ್ಕಿಕೊಂಡಿತು. ಇನ್ನೂ ನಲವತ್ತಾರಿದ್ದವು.